ಸಂಬಳದಲ್ಲಿ 113 ರೂಪಾಯಿ ಕಟ್ ಆಗೋದು ಯಾಕೆ? ಕೆಲಸದಲ್ಲಿ ಗಾಯ ಆದ್ರೆ ಆಸ್ಪತ್ರೆ ಬಿಲ್ ಯಾರದ್ದು?

ಹಿಂದಿನ ಎಪಿಸೋಡ್‌ನಲ್ಲಿ ಸ್ಯಾಲರಿ ಸ್ಲಿಪ್ ಓದೋದು ಹೇಗೆ ಅಂತ ಮಾತಾಡಿದ್ವಿ. ಅದನ್ನ ಕೇಳಿ ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. "ಅಕ್ಕ, ನನ್ನ ಸಂಬಳ 15,000. ತಿಂಗಳು ತಿಂಗಳು ಇಎಸ್‌ಐ ಅಂತ 113 ರೂಪಾಯಿ ಹಿಡ್ಕೋತಾರೆ. ಎರಡು ವರ್ಷದಿಂದ ನಂಗೆ ಒಂದು ನೆಗಡಿನೂ ಬಂದಿಲ್ಲ. ದುಡ್ಡು ದಂಡ ಅಲ್ವಾ?"

ಕೇಳಿದಾಗ ಮೊದಲು ನಗು ಬಂತು. ಆಮೇಲೆ ನಮ್ಮ ಮಾವನ ಬಲಗೈ ನೆನಪಾಯ್ತು.

ನಮ್ಮಮ್ಮನ ತವರು ಮಾಗಡಿ ಕಡೆ. ಮಾವ, ಅಂದ್ರೆ ಅಮ್ಮನ ತಮ್ಮ, ರೇಷ್ಮೆ ನೂಲು ಹುರಿ ಮಾಡೋ ಒಂದು ಸಣ್ಣ ಟ್ವಿಸ್ಟಿಂಗ್ ಯೂನಿಟ್‌ನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವರು. ಅಲ್ಲಿದ್ದಿದ್ದು ಒಟ್ಟು ಆರು ಜನ. 2024ರ ಜೂನ್‌ನಲ್ಲಿ ಒಂದು ಸಂಜೆ ಮೋಟರ್ ಬೆಲ್ಟಿಗೆ ತೋರುಬೆರಳು ಸಿಕ್ಕಿಹಾಕಿಕೊಂಡಿತು. ಓನರ್ ತಮ್ಮ ಬೈಕಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದರು, ಅದನ್ನ ಇಲ್ಲ ಅನ್ನಲ್ಲ. ಆದರೆ ದಾರಿಯಲ್ಲಿ ಒಂದು ಮಾತು ಹೇಳಿದರು: "ಫ್ಯಾಕ್ಟರಿ ಅಂದ್ರೆ ಪೊಲೀಸ್ ಕೇಸ್ ಆಗುತ್ತೆ. ಮನೇಲಿ ಬಾಗಿಲು ಸಂದಿಗೆ ಸಿಕ್ತು ಅನ್ನು. ಬಿಲ್ಲು ನಾನು ನೋಡ್ಕೋತೀನಿ." ಮಾವ ಹಾಗೇ ಹೇಳಿದರು, ಡಾಕ್ಟ್ರು ಹಾಗೇ ಬರೆದರು. ಬೆರಳು ಉಳೀಲಿಲ್ಲ. ಬಿಲ್ಲು 68,000 ಆಯ್ತು. ಓನರ್ ಮೊದಲು 5,000 ಕೊಟ್ಟರು. ಆಮೇಲೆ ಫೋನ್ ಎತ್ತೋದು ನಿಲ್ಲಿಸಿದರು. ಅತ್ತೆ ಸರ ಅಡ ಇಟ್ಟು, ಸಂಘದಲ್ಲಿ ಸಾಲ ಎತ್ತಿ ಮಾವನನ್ನ ಮನೆಗೆ ಕರ್ಕೊಂಡು ಬಂದರು.

ನಾನು ಬಿ.ಕಾಂ. ಓದಿದವಳು. ಲೇಬರ್ ಲಾ ಒಂದು ಸೆಮಿಸ್ಟರ್‌ನಲ್ಲಿ ಪಾಠ ಇತ್ತು, ಪಾಸಾಗೋವಷ್ಟು ಓದಿದ್ದೆ. ಮಾವನ ಆಸ್ಪತ್ರೆ ಚೀಟಿ ಕೈಗೆ ಬಂದಾಗಲೇ ಆ ಪಾಠ ನಿಜಕ್ಕೂ ಓದಿದ್ದು. ಹಾಗಾಗಿ ಇವತ್ತಿನ ವಿಷಯ: ಕೆಲಸದಿಂದ ಗಾಯ ಆದ್ರೆ, ಕೆಲಸದಿಂದಲೇ ಕಾಯಿಲೆ ಬಂದ್ರೆ, ದುಡ್ಡು ಯಾರ ಜೇಬಿಂದ ಬರಬೇಕು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅನ್ನೋ ಹೆಸರು. ನನ್ನ ಬಾಯಿಗೆ ಇನ್ನೂ ರಾಮನಗರ ಅಂತಲೇ ಬರುತ್ತೆ, ಹಾಗೇ ಹೇಳ್ತೀನಿ.

ಆ 113 ರೂಪಾಯಿ ಏನು ಮಾಡುತ್ತೆ

ಇಎಸ್‌ಐ ಅಂದ್ರೆ ನೌಕರರ ರಾಜ್ಯ ವಿಮೆ. 1948ರ ಕಾಯಿದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಫ್ಯಾಕ್ಟರಿ, ಅಂಗಡಿ, ಹೋಟೆಲ್‌ಗೆಲ್ಲ ಅನ್ವಯ ಆಗುತ್ತೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ರೆ ನೀವು ಇದರೊಳಗೆ. ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ಸಂಬಳದಿಂದ ಹೋಗೋದು 0.75%, ಮಾಲೀಕರು ತಮ್ಮ ಕೈಯಿಂದ ಹಾಕಬೇಕಾದ್ದು 3.25%. ಹಾರೋಹಳ್ಳಿ ಹುಡುಗನ ಲೆಕ್ಕ ನೋಡಿ: ಅವನದು 113, ಕಂಪನಿಯದು 488. ಅಂದ್ರೆ ಪ್ರತಿ ತಿಂಗಳು ಅವನ ಹೆಸರಲ್ಲಿ 601 ರೂಪಾಯಿ ಜಮಾ.

ಅದಕ್ಕೆ ಸಿಗೋದೇನು? ಅವನಿಗೂ ಅವನನ್ನ ನಂಬಿರೋ ಮನೆಯವರಿಗೂ ಚಿಕಿತ್ಸೆ. ಖಾಸಗಿ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಇರೋ ಹಾಗೆ "3 ಲಕ್ಷ ಮುಗೀತು, ಇನ್ನು ನೀವೇ ಕಟ್ಟಿ" ಅನ್ನೋ ಮೇಲ್ಮಿತಿ ಕೆಲಸಗಾರನ ಚಿಕಿತ್ಸೆಗೆ ಇಲ್ಲ. ಮೊದಲು ಡಿಸ್ಪೆನ್ಸರಿ, ಅಲ್ಲಿ ಆಗದಿದ್ದರೆ ಇಎಸ್‌ಐ ಆಸ್ಪತ್ರೆ. ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಬೆಂಗಳೂರಿನ ರಾಜಾಜಿನಗರ. ಅಲ್ಲೂ ಸೌಲಭ್ಯ ಇಲ್ಲ ಅಂದ್ರೆ ಒಪ್ಪಂದ ಇರೋ ಖಾಸಗಿ ಆಸ್ಪತ್ರೆಗೆ ಬರೆದುಕೊಡ್ತಾರೆ.

ಕ್ಯೂ ಉದ್ದ, ಗೊತ್ತು. ಬೆಳಗ್ಗೆ ಹೋದರೆ ಮಧ್ಯಾಹ್ನ ಆಗುತ್ತೆ, ರಜೆ ಹಾಕಬೇಕು, ಅದೂ ಗೊತ್ತು. ಅದಕ್ಕೇ ನಮ್ಮ ಹುಡುಗರು ನೆಗಡಿ ಜ್ವರಕ್ಕೆ ಪಕ್ಕದ ಕ್ಲಿನಿಕ್‌ಗೆ 300 ರೂಪಾಯಿ ಕೊಟ್ಟು ಬಂದುಬಿಡ್ತಾರೆ, ಇಎಸ್‌ಐ ದಂಡ ಅಂತಾರೆ. ನೆಗಡಿ ವಿಷಯದಲ್ಲಿ ಅವರು ಹೇಳೋದು ಸರಿ ಇರಬಹುದು. ಆದರೆ ಕೈ ಹೋದಾಗ ಲೆಕ್ಕ ಬೇರೆ.

ಕೆಲಸದ ಗಾಯಕ್ಕೆ ಇಎಸ್‌ಐನಲ್ಲಿ ಬೇರೆಯದೇ ಒಂದು ದಾರಿ ಇದೆ. ಮಾಮೂಲಿ ಕಾಯಿಲೆಗೆ ರಜೆ ಹಾಕಿದರೆ ಸಂಬಳದ 70% ಸಿಗುತ್ತೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದಕ್ಕೆ ಹಿಂದಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಇರಬೇಕು. ಗಾಯ ಕೆಲಸದಿಂದ ಆಗಿದ್ದರೆ 90% ಸಿಗುತ್ತೆ. ಡಾಕ್ಟ್ರು "ಇನ್ನೂ ಕೆಲಸಕ್ಕೆ ಆಗಲ್ಲ" ಅನ್ನೋವರೆಗೂ ಸಿಗುತ್ತೆ, 78 ದಿನದ ಲೆಕ್ಕ ಕೇಳೋದೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಪೆಟ್ಟಾದ್ರೂ ಸರಿ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಹೋಗೋಕೆ ಆಗದೇ ಇರಬೇಕು, ಅಷ್ಟೇ. 15,000 ಸಂಬಳದವನು 40 ದಿನ ಮಲಗಿದರೆ ಹೆಚ್ಚುಕಡಿಮೆ 18,000 ರೂಪಾಯಿ ಬ್ಯಾಂಕಿಗೆ ಬರುತ್ತೆ. ಚಿಕಿತ್ಸೆ ಬೇರೆ. ಬೆರಳೋ ಕೈಯೋ ಹೋಗಿ ಶಾಶ್ವತ ಊನ ಆದ್ರೆ, ಮೆಡಿಕಲ್ ಬೋರ್ಡ್ ಎಷ್ಟು ನಷ್ಟ ಅಂತ ನಿಗದಿ ಮಾಡಿ, ಆ ಪ್ರಮಾಣದಲ್ಲಿ ಜೀವನಪೂರ್ತಿ ಹಣ. ಸತ್ತರೆ ಹೆಂಡತಿ ಮಕ್ಕಳಿಗೆ ತಿಂಗಳ ಹಣ. ಗಾಯದ ಭತ್ಯೆ ಪಡೀತಿರೋ ದಿನಗಳಲ್ಲಿ ಕೆಲಸದಿಂದ ತೆಗೆಯೋ ಹಾಗಿಲ್ಲ.

ಇಷ್ಟೆಲ್ಲ ಸಿಗಬೇಕಾದರೆ "ಕೆಲಸದ ಗಾಯ" ಅಂತ ದಾಖಲೆ ಆಗಬೇಕು. ಮಾಲೀಕರು ಅಪಘಾತದ ವರದಿಯನ್ನ 24 ಗಂಟೆಯೊಳಗೆ ಇಎಸ್‌ಐಗೆ ಕಳಿಸಬೇಕು. ಅದನ್ನ ಫಾರ್ಮ್ 12 ಅಂತಾರೆ. ನೀವು "ಮನೇಲಿ ಬಿದ್ದೆ" ಅಂತ ಹೇಳಿದ್ರೆ ನೀವೇ 90%ರಿಂದ 70%ಗೆ ಇಳಿದು, ಶಾಶ್ವತ ಊನದ ಹಣವನ್ನ ಬಿಟ್ಟುಕೊಟ್ಟ ಹಾಗೆ.

ಕಾಂಟ್ರಾಕ್ಟ್ ಮೇಲೆ ಇರೋರು ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ತುಂಬ ಜನ ಇದ್ದಾರೆ. "ನಾನು ಕಂಪನಿಯವನಲ್ಲ, ಏಜೆನ್ಸಿಯವನು" ಅಂತಾರೆ. ಇಎಸ್‌ಐ ಮಟ್ಟಿಗೆ ಏಜೆನ್ಸಿ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕರ ಮೇಲೇ ಬರುತ್ತೆ. ಏಜೆನ್ಸಿಯವರು ಸಂಬಳದಲ್ಲಿ ಹಿಡಿದು ಜಮಾ ಮಾಡದೇ ಇರೋದು ಉಂಟು. ನಿಮ್ಮ ಹತ್ತು ಅಂಕಿಯ ವಿಮಾ ನಂಬರ್ ಹಾಕಿ ಇಎಸ್‌ಐ ಪೋರ್ಟಲ್‌ನಲ್ಲೋ ಉಮಂಗ್ ಆ್ಯಪ್‌ನಲ್ಲೋ ಈಗಲೇ ನೋಡಬಹುದು. ಕಂತು ಕಾಣದಿದ್ದರೆ ಇಎಸ್‌ಐ ಉಚಿತ ಸಹಾಯವಾಣಿ 1800-11-2526.

ತುರ್ತು ಇದ್ದಾಗ ಹತ್ತಿರದ ಯಾವ ಆಸ್ಪತ್ರೆಗಾದ್ರೂ ಹೋಗಿ, ರಕ್ತ ಸುರಿಸ್ಕೊಂಡು ರಾಜಾಜಿನಗರ ಹುಡುಕಬೇಡಿ. ಆಮೇಲೆ ಖರ್ಚು ವಾಪಸ್ ಕೇಳಬಹುದು. ಆದರೆ ವಾಪಸ್ ಬರೋದು ಸರ್ಕಾರ ಗೊತ್ತುಮಾಡಿದ ದರದಲ್ಲಿ. ಖಾಸಗಿಯವರು ಹಾಕಿದ ಪೂರ್ತಿ ಬಿಲ್ಲು ಬರದೇ ಇರಬಹುದು. ಹಾಗಾಗಿ ಜೀವಕ್ಕೆ ಅಪಾಯ ಇಲ್ಲ ಅಂತಾದ ಕೂಡಲೇ ಇಎಸ್‌ಐಗೆ ತಿಳಿಸಿ.

ಆರು ಜನ ಇರೋ ಶೆಡ್ಡಿನ ಕಥೆ

ಈಗ ಮಾವನ ವಿಷಯಕ್ಕೆ ಬರೋಣ. ಆರು ಜನ. ಇಎಸ್‌ಐ ಇಲ್ಲ. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಕಂಪನಿ ಆಗಿದ್ರೆ ಸಿಗ್ತಿತ್ತು. ಶೆಡ್ಡಿಗೆ ಯಾವ ಕಾನೂನು?"

ನಮ್ಮ ಜಿಲ್ಲೆಯ ದುಡಿಮೆ ಬಹುಪಾಲು ಇಂಥ ಶೆಡ್ಡುಗಳದ್ದೇ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಮ್ಮೆಯಿಂದ ಹೇಳ್ಕೋತೀವಿ. ಆ ಗೂಡು ನೂಲಾಗೋದು ಮಾರುಕಟ್ಟೆಯ ಸುತ್ತಮುತ್ತ ಬೀದಿಗಳಲ್ಲಿ, ನಾಲ್ಕು, ಆರು, ಎಂಟು ಜನರ ಘಟಕಗಳಲ್ಲಿ. ಚನ್ನಪಟ್ಟಣದ ಬೊಂಬೆ ಕೆಲಸ ಕೂಡ ಹಾಗೇ: ಒಂದು ಕೋಣೆ, ಎರಡು ಲೇತ್, ಆಲೆ ಮರದ ತುಂಡು, ಅರಗಿನ ಬಣ್ಣ.

ಈ ಜಾಗಗಳಿಗೂ ಕಾನೂನು ಇದೆ, ಅದೂ ನೂರು ವರ್ಷ ಹಳೆಯದು. 1923ರ ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಆ್ಯಕ್ಟ್. 2009ರ ತಿದ್ದುಪಡಿಯಲ್ಲಿ ಹೆಸರು ನೌಕರರ ಪರಿಹಾರ ಕಾಯಿದೆ ಅಂತ ಬದಲಾಯ್ತು. ಕರೆಂಟ್ ಮೋಟರ್ ಹಾಕಿ ಏನಾದ್ರೂ ತಯಾರಿಸೋ ಜಾಗ ಆಗಿದ್ರೆ 10 ಜನ ಇರಬೇಕು ಅನ್ನೋ ಲೆಕ್ಕ ಇದರಲ್ಲಿ ಇಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಮಾಲೀಕ ಹೊಣೆ.

ಮುಖ್ಯವಾದ್ದು ಇದು: ಆ 2009ರ ತಿದ್ದುಪಡಿಯಲ್ಲೇ 4ನೇ ಸೆಕ್ಷನ್‌ಗೆ 2ಎ ಅನ್ನೋ ಒಂದು ಸಣ್ಣ ಉಪವಿಧಿ ಸೇರಿತು. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ನೌಕರ ಮಾಡಿದ ನಿಜವಾದ ಖರ್ಚನ್ನ ಮಾಲೀಕ ವಾಪಸ್ ಕೊಡಬೇಕು. ಪರಿಹಾರದ ಮೊತ್ತ ಬೇರೆ, ಆಸ್ಪತ್ರೆ ಖರ್ಚು ಬೇರೆ. ನಮ್ಮ ಊರಿನಲ್ಲಿ ಈ ಸಾಲು ಗೊತ್ತಿರೋ ಒಬ್ಬರನ್ನೂ ನಾನು ನೋಡಿರಲಿಲ್ಲ. ಸೆಮಿಸ್ಟರ್‌ನಲ್ಲಿ ಅದನ್ನ ಓದಿದ್ದ ನನಗೂ ನೆನಪಿರಲಿಲ್ಲ.

ಪರಿಹಾರದ ಲೆಕ್ಕ ಕಾಮರ್ಸ್‌ನವರಿಗೆ ಖುಷಿ ಕೊಡೋ ಹಾಗಿದೆ. ಕೆಲಸ ಮಾಡೋ ಶಕ್ತಿ ಪೂರ್ತಿ ಹೋದರೆ ತಿಂಗಳ ಸಂಬಳದ 60% ತಗೊಂಡು, ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸ್ತಾರೆ. ಚಿಕ್ಕ ವಯಸ್ಸಿಗೆ ಗುಣಕ ಜಾಸ್ತಿ. 25ಕ್ಕೆ 216.91, 40ಕ್ಕೆ 184.17. ಎಷ್ಟೇ ಸಂಬಳ ಇದ್ದರೂ ಲೆಕ್ಕಕ್ಕೆ ಹಿಡಿಯೋದು 15,000ದವರೆಗೆ, 2020ರ ಜನವರಿಯಿಂದ ಈ ಮಿತಿ. ಒಂದು ಅಂಗ ಮಾತ್ರ ಹೋಗಿದ್ರೆ ಅದಕ್ಕೆ ಪಟ್ಟಿ ಇದೆ: ಹೆಬ್ಬೆರಳಿಗೆ 30%, ಪೂರ್ತಿ ತೋರುಬೆರಳಿಗೆ 14%, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ 40%.

ಮಾವನಿಗೆ ಆಗ 40 ವರ್ಷ, ಸಂಬಳ 12,000. ಅದರ 60% ಅಂದ್ರೆ 7,200. ಅದನ್ನ 184.17ರಿಂದ ಗುಣಿಸಿದರೆ 13,26,024. ಅದರಲ್ಲಿ 14% ಅಂದ್ರೆ 1,85,643 ರೂಪಾಯಿ. ಜೊತೆಗೆ ಆಸ್ಪತ್ರೆಯ 68,000. ಓನರ್ ಕೊಟ್ಟಿದ್ದು 5,000. ಇದೇ ಬೆರಳು 25 ವರ್ಷದ ಹುಡುಗನದ್ದಾಗಿದ್ರೆ 2,18,645 ಆಗ್ತಿತ್ತು. ಈ ಲೆಕ್ಕವನ್ನ ಹಳೇ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದಾಗ ಮಾವ ಬಹಳ ಹೊತ್ತು ಅದನ್ನೇ ನೋಡ್ತಾ ಕೂತಿದ್ದರು. ಆಮೇಲೆ, "ಬಿಡವ್ವ, ಹದಿನಾಲ್ಕು ವರ್ಷ ಅನ್ನ ಹಾಕಿದೋರು" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಓನರ್ ಕೂಡ ಕೋಟ್ಯಧಿಪತಿ ಏನಲ್ಲ, ರೇಷ್ಮೆ ರೇಟು ಬಿದ್ದಾಗ ಅವರೂ ಬಡ್ಡಿಗೆ ತಂದೋರು. ಆದರೆ ಇಂಥ ಸಣ್ಣ ಮಾಲೀಕರಿಗಾಗಿಯೇ ಜನರಲ್ ಇನ್ಶೂರೆನ್ಸ್ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತೆ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟಿದರೆ ಪರಿಹಾರ ವಿಮಾ ಕಂಪನಿ ಕೊಡುತ್ತೆ. ಆಸ್ಪತ್ರೆ ಖರ್ಚನ್ನೂ ಸೇರಿಸಿ ಅಂತ ಕೇಳಿ ಹಾಕಿಸ್ಕೋಬೇಕು, ಸುಮ್ಮನೆ ಸೇರಿರಲ್ಲ. ಈ ಎಪಿಸೋಡ್ ಕೇಳ್ತಿರೋರಲ್ಲಿ ಯಾರ ಅಪ್ಪನಾದ್ರೂ ರೀಲಿಂಗ್ ಘಟಕ ಇಟ್ಕೊಂಡಿದ್ರೆ, ಇವತ್ತು ರಾತ್ರಿ ಊಟದ ಹೊತ್ತಲ್ಲಿ ಇದನ್ನ ಕೇಳಿ ನೋಡಿ.

ಮೂರು ತರದ ಮಾತು ಮಾಲೀಕರ ಕಡೆಯಿಂದ ಬರೋದು ಸಾಮಾನ್ಯ. ಒಂದು, "ನಿನ್ನ ಅಜಾಗ್ರತೆ, ನಿನ್ನ ತಪ್ಪು." ಈ ಕಾಯಿದೆಯಲ್ಲಿ ಬರೀ ಅಜಾಗ್ರತೆ ಅನ್ನೋದು ತಪ್ಪಿಸಿಕೊಳ್ಳೋ ದಾರಿ ಅಲ್ಲ. ಕುಡಿದಿದ್ದರೆ, ಬೇಕಂತಲೇ ಸುರಕ್ಷತಾ ನಿಯಮ ಮೀರಿದ್ರೆ, ಬೇಕಂತಲೇ ಗಾರ್ಡ್ ತೆಗೆದಿಟ್ಟಿದ್ರೆ ಮಾತ್ರ ವಾದ ಮಾಡಬಹುದು. ಸಾವು ಅಥವಾ ಪೂರ್ತಿ ಶಾಶ್ವತ ಊನ ಆದಾಗ ಆ ವಾದವೂ ನಡೆಯಲ್ಲ. ಎರಡು, ಛಾಪಾ ಕಾಗದದ ಮೇಲೆ "ನನಗೆ ಇನ್ನೇನೂ ಬರಬೇಕಾಗಿಲ್ಲ" ಅಂತ ಸಹಿ. 17ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡೋ ಅಂಥ ಒಪ್ಪಂದಕ್ಕೆ ಬೆಲೆ ಇಲ್ಲ. ಸಾವಿನ ಪ್ರಕರಣದಲ್ಲಿ ಹಣವನ್ನ ಕಮಿಷನರ್ ಹತ್ತಿರವೇ ಜಮಾ ಮಾಡಬೇಕು, ಮನೆಗೆ ಬಂದು ಕೈಗೆ ಕೊಟ್ಟು ಮುಗಿಸೋ ಹಾಗಿಲ್ಲ. ಮೂರನೇದು ಮಾವನಿಗೆ ಹೇಳಿದ್ದು: ಪೊಲೀಸ್ ಕೇಸ್ ಆಗುತ್ತೆ. ಯಂತ್ರದ ಗಾಯ ಬಂದಾಗ ಆಸ್ಪತ್ರೆಯವರು ಎಂಎಲ್‌ಸಿ ಅಂತ ದಾಖಲಿಸಿ ಪೊಲೀಸರಿಗೆ ತಿಳಿಸೋದು ಅವರ ಮಾಮೂಲಿ ಕೆಲಸ. ಅದರಿಂದ ಗಾಯ ಆದವನಿಗೆ ತೊಂದರೆ ಇಲ್ಲ, ಅದೇ ಅವನ ಮೊದಲ ಸಾಕ್ಷಿ.

ಮಾವನ ಹತ್ತಿರ ಆ ಸಾಕ್ಷಿ ಇರಲಿಲ್ಲ. ಚೀಟಿಯಲ್ಲಿ ಬಾಗಿಲು ಸಂದಿ ಅಂತ ಇದೆ. ಆದರೆ ಮಾವನ ಫೋನಿನಲ್ಲಿ ಒಂದು ವಾಯ್ಸ್ ಮೆಸೇಜ್ ಉಳಿದಿತ್ತು. ಆಪರೇಷನ್ ಆದ ಮರುದಿನ ಓನರ್ ಕಳಿಸಿದ್ದು: "ಡಿಸ್ಚಾರ್ಜ್ ಮಾಡೋವಾಗ ಫೋನ್ ಮಾಡು, ಬಂದು ಕಟ್ತೀನಿ, ಮಿಷನ್ ವಿಷಯ ಮಾತ್ರ ಎತ್ತಬೇಡ." ಜೊತೆಗೆ ಕೂಲಿ ದುಡ್ಡು ವಾರವಾರ ಫೋನ್‌ಪೇಗೆ ಬರ್ತಿದ್ದ ದಾಖಲೆ. ಫೋನ್ ಬದಲಾಯಿಸೋವಾಗ ಅಳಿಸಿಹೋಗಿದ್ರೆ ಏನೂ ಇರ್ತಿರಲಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕಿದರು, ಫೀಸ್ ಇಲ್ಲದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಕಾನೂನು ನೆರವು ಉಚಿತ. ಸಹಾಯವಾಣಿ 15100. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರದ ಕಮಿಷನರ್ ಆಗಿ ಇಂಥ ಅರ್ಜಿ ಕೇಳ್ತಾ ಬಂದಿದ್ದಾರೆ. ಅಪಘಾತ ಆಗಿ 2 ವರ್ಷದೊಳಗೆ ಅರ್ಜಿ ಹಾಕಬೇಕು, ನಾವು 2025ರ ಆಗಸ್ಟ್‌ನಲ್ಲಿ ಹಾಕಿದ್ವಿ. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ರೆ ಅದರ ಮೇಲೆ 50%ವರೆಗೆ ದಂಡ. ಕೇಸ್ ಇನ್ನೂ ನಡೀತಿದೆ.

ಬೆರಳಿನ ಶೇಕಡಾವಾರು ಪಟ್ಟಿ ನೋಡಿದಾಗ ನಿಮಗೂ ಒಂದು ಪ್ರಶ್ನೆ ಬಂದಿರಬೇಕು. ಆಫೀಸಿನಲ್ಲಿ ಕೂತು ಕೆಲಸ ಮಾಡೋರಿಗೂ, ಚನ್ನಪಟ್ಟಣದಲ್ಲಿ ಲೇತ್ ಮೇಲೆ ಉಳಿ ಹಿಡಿಯೋರಿಗೂ ಒಂದು ಕೈ ಒಂದೇನಾ? ಸುಪ್ರೀಂ ಕೋರ್ಟ್ 1975ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಒಡಿಶಾದಲ್ಲಿ ಒಂದು ಸಿನಿಮಾ ಥಿಯೇಟರ್‌ನಲ್ಲಿ ಅಲಂಕಾರದ ಕೆಲಸ ಮಾಡ್ತಿದ್ದ ಬಡಗಿ ಬಿದ್ದು ಎಡಗೈಯನ್ನ ಮೊಣಕೈ ಮೇಲಿಂದ ಕಳ್ಕೊಂಡಿದ್ದ. ಒಂದು ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಆದ್ದರಿಂದ ಅವನಿಗೆ ನಷ್ಟ 100% ಅಂತ ಕಮಿಷನರ್ ಹೇಳಿದ್ದನ್ನ ಕೋರ್ಟ್ ಒಪ್ಪಿತು. ಗಾಯ ಎಷ್ಟು ಅನ್ನೋದರ ಜೊತೆಗೆ, ಆ ಮನುಷ್ಯನ ಕಸುಬು ಯಾವುದು ಅನ್ನೋದನ್ನೂ ನೋಡಬೇಕು.

ಹೊತ್ತು ಗೊತ್ತಿಲ್ಲದ ಗಾಯ

ಬೆಲ್ಟಿಗೆ ಬೆರಳು ಸಿಕ್ಕಿದ್ದಕ್ಕೆ ದಿನ ಇದೆ, ಸಮಯ ಇದೆ. ನೂಲು ಬಿಚ್ಚೋ ಹೆಂಗಸರ ಕೈ ನೋಡಿದೀರಾ? ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕೋಕೆ ದಿನವಿಡೀ ಕೈ ಅದ್ದಿ ಅದ್ದಿ ಬೆರಳ ಸಂದು ಬೆಳ್ಳಗೆ ಕೊಳೆತ ಹಾಗೆ ಇರುತ್ತೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಮಾಡಿದಾಗ ಕರ್ನಾಟಕದ ಘಟಕಗಳ ಮಕ್ಕಳ ಕೈಯೂ ಅದರಲ್ಲಿತ್ತು. ಆಮೇಲೆ ಆವಿ, ಹುಳದ ವಾಸನೆ. ರೇಷ್ಮೆ ಫಿಲೇಚರ್ ಕೆಲಸಗಾರರಿಗೆ ಬರೋ ಅಸ್ತಮಾ ಬಗ್ಗೆ 1980ರ ದಶಕದಲ್ಲೇ ವೈದ್ಯರು ಬರೆದಿದ್ದಾರೆ.

ಇದೂ ಕಾನೂನಿನಲ್ಲಿ ಗಾಯವೇ. 1923ರ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಕೆಲಸದಲ್ಲಿ ಬಳಸೋ ವಸ್ತುವಿನಿಂದ ಬರೋ ಅಸ್ತಮಾ, ಸದ್ದಿನಿಂದ ಕಿವಿ ಮಂದ ಆಗೋದು, ಕಲ್ಲಿನ ಧೂಳಿನ ಸಿಲಿಕೋಸಿಸ್, ಎಲ್ಲ ಅದರಲ್ಲಿವೆ. ಅಸ್ತಮಾದಂಥ ಕೆಲವಕ್ಕೆ ಅದೇ ಮಾಲೀಕರ ಹತ್ತಿರ ಕನಿಷ್ಠ 6 ತಿಂಗಳು ಬಿಡದೆ ಕೆಲಸ ಮಾಡಿರಬೇಕು. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ನಿಜದಲ್ಲಿ, ಉಬ್ಬಸ ಅಂತ ಹೋದ ಹೆಂಗಸನ್ನ "ಏನು ಕೆಲಸ ಮಾಡ್ತೀರಮ್ಮ?" ಅಂತ ಕೇಳೋ ಡಾಕ್ಟ್ರು ಅಪರೂಪ. ಕೇಳದಿದ್ದರೆ ನೀವೇ ಹೇಳಿ, ಬರೆಸಿ: "ರೇಷ್ಮೆ ಬಿಚ್ಚೋ ಕೆಲಸ, ಎಂಟು ವರ್ಷದಿಂದ, ರಜೆ ಇದ್ದಾಗ ಕಡಿಮೆ ಆಗುತ್ತೆ." ರಜೆಯಲ್ಲಿ ಕಡಿಮೆ ಆಗುತ್ತೆ ಅನ್ನೋದು ಡಾಕ್ಟ್ರಿಗೆ ದೊಡ್ಡ ಸುಳಿವು.

ಕನಕಪುರ ಕಡೆಯ ಕಲ್ಲು ಕ್ವಾರಿಗಳಲ್ಲಿ ಇನ್ನೂ ಕಷ್ಟ. ಗಣಿ ಕಾಯಿದೆಗೆ ಒಳಪಟ್ಟ ಗಣಿಗಳನ್ನ 1948ರ ಇಎಸ್‌ಐ ಕಾಯಿದೆ ಹೊರಗಿಟ್ಟಿತ್ತು, ಅಲ್ಲಿ ಆಸರೆ ಪರಿಹಾರ ಕಾಯಿದೆಯೇ. ಜಾಕ್ ಹ್ಯಾಮರ್ ಹಿಡಿದವನ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಹೋಗಿ ಗಟ್ಟಿಯಾಗುತ್ತೆ, ವಾಪಸ್ ಸರಿಮಾಡೋ ಔಷಧಿ ಇಲ್ಲ. ಎಕ್ಸ್‌ರೇಯಲ್ಲಿ ಟಿಬಿ ತರವೇ ಕಾಣಿಸಿ, ವರ್ಷಗಟ್ಟಲೆ ಟಿಬಿ ಮಾತ್ರೆ ನುಂಗಿದವರಿದ್ದಾರೆ. ರಾಜಸ್ಥಾನ 2019ರಲ್ಲಿ ಇದಕ್ಕೆಂದೇ ಒಂದು ನೀತಿ ತಂದು, ಸಿಲಿಕೋಸಿಸ್ ಅಂತ ಪ್ರಮಾಣಪತ್ರ ಸಿಕ್ಕವರಿಗೆ ಸರ್ಕಾರದಿಂದಲೇ ನೆರವು ಕೊಡ್ತಿದೆ.

ಬಸ್ಸಿನಲ್ಲಿ, ಬೈಕಿನಲ್ಲಿ

ಮಾಗಡಿಯಿಂದ ದಿನಾ ಪೀಣ್ಯದ ಕಡೆ ಹೋಗಿ ಬರೋರು ಕೇಳೋ ಪ್ರಶ್ನೆ: ದಾರಿಯಲ್ಲಿ ಬಿದ್ದರೆ? ಇಎಸ್‌ಐನಲ್ಲಿ 2010ರ ತಿದ್ದುಪಡಿಯಿಂದ ಮನೆಗೂ ಕೆಲಸಕ್ಕೂ ನಡುವಿನ ಪ್ರಯಾಣದ ಅಪಘಾತ ಕೂಡ ಕೆಲಸದ ಗಾಯ. 1923ರ ಕಾಯಿದೆಯಲ್ಲಿ ಈ ಮಾತು ಇರಲಿಲ್ಲ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಒಬ್ಬ ಕಾವಲುಗಾರ 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಡ್ಯೂಟಿಗೆ ಬೈಕಲ್ಲಿ ಹೋಗ್ತಾ, ಕಾರ್ಖಾನೆ ಇನ್ನೂ ಸುಮಾರು 5 ಕಿ.ಮೀ. ಇರುವಾಗ ಸತ್ತ. ಅವನ ಮನೆಯವರಿಗೆ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈ 29ರಂದು. 22 ವರ್ಷ ಆಯ್ತು. ಆದರೆ ಆ ತೀರ್ಪಿನಿಂದ ಹಳೆಯ ಕಾಯಿದೆಗೂ ಪ್ರಯಾಣದ ದಾರಿ ಸೇರಿತು. ಸಮಯ, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಬೇಕು. ಡ್ಯೂಟಿ ಮುಗಿಸಿ ಸಾವನದುರ್ಗ ನೋಡ್ಕೊಂಡು ಬರ್ತೀನಿ ಅಂತ ತಿರುಗಿಸಿದರೆ ಕಷ್ಟ.

ಇನ್ನೊಂದು ಬದಲಾವಣೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಇಎಸ್‌ಐ ಮತ್ತು 1923ರ ಕಾಯಿದೆ ಎರಡೂ ಈಗ ಅದರ ಅಧ್ಯಾಯಗಳು. ಮಾವನದು ಅದಕ್ಕೆ ಮೊದಲಿನ ಅಪಘಾತ ಆದ್ದರಿಂದ ನಾನು ಹಳೆಯ ಲೆಕ್ಕವನ್ನೇ ಹೇಳಿದೆ. ಹೊಸದರಲ್ಲಿ ನನಗೆ ಆಸೆ ಹುಟ್ಟಿಸೋ ಅಂಶ ಎರಡು: ಅಪಾಯಕಾರಿ ಅಂತ ಕೇಂದ್ರ ಸರ್ಕಾರ ಘೋಷಿಸಿದ ಕೆಲಸಕ್ಕೆ ಒಬ್ಬನೇ ಕೆಲಸಗಾರ ಇದ್ದರೂ ಇಎಸ್‌ಐ ತರಬಹುದು, 10ಕ್ಕಿಂತ ಕಡಿಮೆ ಜನ ಇರೋ ಕಡೆ ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದ್ರೆ ತಾವಾಗಿಯೇ ಸೇರಬಹುದು. ಆರು ಜನರ ಟ್ವಿಸ್ಟಿಂಗ್ ಶೆಡ್ಡಿಗೆ ಇದು ಸಣ್ಣ ವಿಷಯ ಅಲ್ಲ.

ಕಟ್ಟಡ ಕೆಲಸದವರು 12 ತಿಂಗಳಲ್ಲಿ 90 ದಿನ ದುಡಿದಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ಅಪಘಾತಕ್ಕೂ ಆಸ್ಪತ್ರೆಗೂ ನೆರವು ಇದೆ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಮಾವನ ಮನೆಯಲ್ಲೂ ಆ ಕಾರ್ಡ್ ಇತ್ತು. ಆ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಿದ್ರೆ 68,000 ಸಾಲವೇ ಆಗ್ತಿರಲಿಲ್ಲವೇನೋ. ಆದರೆ ಬೈಕ್ ಓಡಿಸ್ತಿದ್ದೋರು ಓನರ್, ಆಸ್ಪತ್ರೆ ಆರಿಸಿದ್ದೂ ಅವರೇ.

ಹಾರೋಹಳ್ಳಿ ಹುಡುಗನಿಗೆ ಇದನ್ನೆಲ್ಲ ಫೋನಲ್ಲಿ ಹೇಳಿ, ಮೊದಲು ನಿನ್ನ ಖಾತೆ ತೆಗೆದು ನೋಡಪ್ಪ ಅಂದೆ. ಸ್ಕ್ರೀನ್‌ಶಾಟ್ ಕಳಿಸಿದ. ಕಂತು ಸರಿಯಾಗಿ ಬಿದ್ದಿದೆ. ಆದರೆ ಡಿಸ್ಪೆನ್ಸರಿ ಮಾತ್ರ ಅವನು ಮೊದಲು ಕೆಲಸ ಮಾಡ್ತಿದ್ದ ಊರಿನದ್ದೇ ಇದೆ, ಕುಟುಂಬದ ಪಟ್ಟಿಯಲ್ಲಿ ಅಮ್ಮನ ಹೆಸರೇ ಸೇರಿಲ್ಲ. ಎರಡನ್ನೂ ಬದಲಾಯಿಸೋಕೆ ಹಾಕಿದ್ದಾನೆ. ಮಾವನ ಕೇಸಿನ ಮುಂದಿನ ತಾರೀಕು ಬರೋ ತಿಂಗಳಿದೆ, ಓನರ್ ಕಡೆಯ ಸಾಕ್ಷಿ ಹೇಳಿಕೆ ಅವತ್ತು.